ಹೊಗೆಯ ವಿಸ್ಕಿ, ಮರದ ವಿಸ್ಕಿ

2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ನಲ್ಲಿ ಟ್ರಂಪ್ ಅವರನ್ನು ಭೇಟಿಯಾದರಲ್ಲ, ಅದೇ ದಿನದ ಆಸುಪಾಸಿನಲ್ಲಿ ಕೇಂದ್ರ ಸರ್ಕಾರ ಒಂದು ಸಣ್ಣ ಅಧಿಸೂಚನೆ ಹೊರಡಿಸಿತು. ಅಮೆರಿಕದ ಬರ್ಬನ್ ವಿಸ್ಕಿಯ ಮೇಲಿನ ಆಮದು ಸುಂಕ ಶೇಕಡ 150ರಿಂದ 100ಕ್ಕೆ ಇಳಿಯಿತು. ಆ ಸುದ್ದಿ ಓದಿದ ಮೇಲೆ ನನಗೆ ಬಂದ ಮೊದಲ ಪ್ರಶ್ನೆ, "ಬರ್ಬನ್ ಅಂದ್ರೆ ಬಿಸ್ಕತ್ತು ಅಲ್ವಾ ಸಾರ್?" ಐದು ತಿಂಗಳ ನಂತರ, ಜುಲೈ 24ರಂದು, ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಸ್ಕಾಚ್ ಮೇಲಿನ ಸುಂಕ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುತ್ತೇವೆ ಅಂತ ಅದರಲ್ಲಿ ಬರೆದಿದೆ. ಅವತ್ತು ಎಲ್ಲಾ ಚಾನೆಲ್‌ಗಳ ಹೆಡ್‌ಲೈನ್ ಒಂದೇ: ಸ್ಕಾಚ್ ಅರ್ಧ ಬೆಲೆಗೆ!

ಅರ್ಧ ಬೆಲೆಗೆ ಬರೋದಿಲ್ಲ. ಲೆಕ್ಕ ಹಾಕಿ ನೋಡಿ. ನಮ್ಮ ಬಂದರಿಗೆ 1000 ರೂಪಾಯಿಗೆ ಬಂದು ಇಳಿಯುವ ಬಾಟಲಿಗೆ ಶೇಕಡ 150 ಸುಂಕ ಸೇರಿದರೆ 2500. ಸುಂಕ 75 ಆದರೆ 1750. ಅಂದರೆ ಇಳಿದದ್ದು ಶೇಕಡ 30. ಅದರ ಮೇಲೆ ಹಡಗಿನಿಂದ ಅಂಗಡಿಯವರೆಗೆ ಆಮದುದಾರ, ವಿತರಕ, ಅಂಗಡಿಯವ ಇದ್ದಾರೆ. ಇವರೆಲ್ಲರ ಜೊತೆಗೆ ನಮ್ಮ ರಾಜ್ಯದ ಅಬಕಾರಿ ಇಲಾಖೆ ಇದೆ. ದೆಹಲಿ ಬಿಟ್ಟುಕೊಟ್ಟದ್ದನ್ನು ಬೆಂಗಳೂರು ಎತ್ತಿಕೊಳ್ಳುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಆದರೂ ಒಂದಂತೂ ನಿಜ. ಅಂಗಡಿಯ ಕಪಾಟಿನಲ್ಲಿ ಇನ್ನು ಮುಂದೆ ನೀವು ಹೆಸರೂ ಕೇಳದ ಬಾಟಲಿಗಳು ನಿಲ್ಲುತ್ತವೆ. ಒಂದರ ಮೇಲೆ ಪಿಪಿಎಂ ಅಂತ ಒಂದು ಅಂಕಿ, ಇನ್ನೊಂದರ ಮೇಲೆ ಪ್ರೂಫ್ ಅಂತ ಒಂದು ಅಂಕಿ, ಮತ್ತೊಂದರ ಮೇಲೆ ವರ್ಷಗಳ ಅಂಕಿ. ಐದು ಸಾವಿರ, ಎಂಟು ಸಾವಿರ ಕೊಡೋ ಮನುಷ್ಯನಿಗೆ ತಾನು ಯಾವುದಕ್ಕೆ ಕೊಡ್ತಾ ಇದ್ದೀನಿ ಅಂತ ಗೊತ್ತಿರಬೇಕಲ್ಲ? ಅಷ್ಟಕ್ಕೆ ಈ ಮಾತು.

ಕುಡಿತದ ಬಗ್ಗೆ ಚಾನೆಲ್‌ನಲ್ಲಿ ಮಾತಾಡೋದಾ ಅನ್ನುವವರಿಗೆ ಒಂದೇ ಉತ್ತರ. ಕೇಬಲ್ ಟಿವಿ ನಿಯಮದ ಪ್ರಕಾರ ಮದ್ಯದ ಜಾಹೀರಾತು ನಿಷಿದ್ಧ. ಹಾಗಾಗಿಯೇ ಕಂಪನಿಗಳು ಅದೇ ಹೆಸರಲ್ಲಿ ಸೋಡಾ ಮಾರುತ್ತವೆ, ಹಾಡಿನ ಸಿ.ಡಿ. ಮಾರುತ್ತವೆ, ಅದನ್ನು ನಾವೆಲ್ಲ ನೋಡಿಯೂ ನೋಡದ ಹಾಗೆ ಇರುತ್ತೇವೆ. ಆ ನಾಟಕಕ್ಕಿಂತ ನೇರವಾಗಿ ಮಾತಾಡೋದು ಮೇಲು. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಅದನ್ನು ಅಲ್ಲಗಳೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಕುಡಿಯುವವರು ಕಡಿಮೆ ಕುಡಿದು, ಗೊತ್ತಿದ್ದು ಕುಡಿಯಲಿ.

ಸರಿ, ವಿಷಯಕ್ಕೆ ಬರೋಣ.

ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದಕ್ಕೆ ರಾಗಿ ಮಾಲ್ಟ್ ಅಂತೀವಿ. ಸ್ಕಾಚ್‌ನ ಮಾಲ್ಟ್ ಕೂಡ ಅದೇ. ರಾಗಿಯ ಜಾಗದಲ್ಲಿ ಬಾರ್ಲಿ, ಅಷ್ಟೇ. ಮೊಳಕೆ ಒಡೆದಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಎಚ್ಚರವಾಗುತ್ತವೆ. ಸರಿಯಾದ ಹೊತ್ತಿಗೆ ಮೊಳಕೆಯನ್ನು ಒಣಗಿಸಿ ನಿಲ್ಲಿಸಬೇಕು. ನಮಗೆ ಬಿಸಿಲಿದೆ. ಸ್ಕಾಟ್ಲೆಂಡಿಗೆ ಎಲ್ಲಿದೆ? ಅಲ್ಲಿ ಬೆಂಕಿ ಬೇಕು. ಅದರಲ್ಲೂ ಪಶ್ಚಿಮದ ಕಡಲಿನಲ್ಲಿರುವ ಐಲಾ ಅನ್ನೋ ದ್ವೀಪದಲ್ಲಿ ಸೌದೆಗೆ ಮರವೇ ಕಡಿಮೆ. ಇದ್ದದ್ದು ಪೀಟ್.

ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ನೀರಲ್ಲೇ ನೆನೆದು, ಗಾಳಿ ತಾಗದೆ, ಪೂರ್ತಿ ಕೊಳೆಯದೆ ಉಳಿದ ಪಾಚಿ, ಹುಲ್ಲು, ಪೊದೆ. ಕಲ್ಲಿದ್ದಲಾಗುವ ದಾರಿಯಲ್ಲಿ ಅರ್ಧಕ್ಕೇ ನಿಂತ ವಸ್ತು ಅಂದುಕೊಳ್ಳಿ. ಅದನ್ನು ಉದ್ದ ಗುದ್ದಲಿಯಿಂದ ಇಟ್ಟಿಗೆ ಇಟ್ಟಿಗೆಯಾಗಿ ಕತ್ತರಿಸಿ, ಒಣಗಿಸಿ, ಉರಿಸುತ್ತಾರೆ. ಉರಿಗಿಂತ ಹೊಗೆ ಜಾಸ್ತಿ. ಒದ್ದೆ ಬಾರ್ಲಿ ಆ ಹೊಗೆಯನ್ನು ಕುಡಿಯುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲ ಪೂರ್ತಿ ಹೊಗೆ ಹಿಡಿದ ವಾಟೆಹುಳಿ, ಕೊಬ್ಬರಿ ಮೂಸಿದವರಿಗೆ ಅರ್ಧ ಐಲಾ ಗೊತ್ತಿದ್ದ ಹಾಗೆಯೇ.

ಇನ್ನರ್ಧ? ಅದು ಆಸ್ಪತ್ರೆ ವಾಸನೆ. ಲಫ್ರೋಯ್ಗ್ ಅನ್ನೋ ವಿಸ್ಕಿಯ ಮುಚ್ಚಳ ತೆಗೆದರೆ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ನಿಂತ ಹಾಗಾಗುತ್ತೆ. ತಮಾಷೆಗೆ ಹೇಳ್ತಿಲ್ಲ. ಪೀಟ್ ಹೊಗೆಯಲ್ಲಿರುವುದು ಫೀನಾಲ್ ಜಾತಿಯ ರಾಸಾಯನಿಕಗಳು: ಫೀನಾಲ್, ಕ್ರೆಸಾಲ್, ಗ್ವಾಯಕಾಲ್. ಹಳೇ ಕಾಲದ ಕೆಂಪು ಕಾರ್ಬಾಲಿಕ್ ಸೋಪಿನಲ್ಲಿ ಇದ್ದದ್ದು ಇದೇ ಕುಟುಂಬ. ನೆಲ ಒರೆಸುವ ಫಿನಾಯಿಲ್ ಹೆಸರು ಬಂದದ್ದೂ ಈ ಕಡೆಯಿಂದಲೇ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಲಫ್ರೋಯ್ಗ್ ಬಾಟಲಿ ಔಷಧಿ ಅಂತ ಹೇಳಿಕೊಂಡೇ ಒಳಗೆ ಹೋಗುತ್ತಿತ್ತು, ಮೂಸಿ ನೋಡಿದ ಅಧಿಕಾರಿಗಳು ನಂಬಿದರು ಅಂತ ಒಂದು ಕಥೆ ಇದೆ. ಮೂಸಿದವರಿಗೆ ನಂಬೋದು ಕಷ್ಟ ಆಗೋದಿಲ್ಲ. ಅಂದಹಾಗೆ, ಅದೇ ಕಾಲದಲ್ಲಿ ಅಮೆರಿಕದೊಳಗೇ ಆರು ಕಂಪನಿಗಳಿಗೆ ವೈದ್ಯರ ಚೀಟಿ ಮೇಲೆ ವಿಸ್ಕಿ ಮಾರುವ ಲೈಸೆನ್ಸ್ ಇತ್ತು. ಆಗ ಆ ದೇಶದಲ್ಲಿ ಎಷ್ಟು ಜನಕ್ಕೆ ಏನೇನು ಕಾಯಿಲೆ ಇತ್ತೋ!

ಈ ಫೀನಾಲ್ ಅಳತೆಯೇ ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ. ಬೋಮೋರ್‌ಗೆ ಸುಮಾರು 25, ಲಗವುಲಿನ್‌ಗೆ 35ರ ಆಸುಪಾಸು, ಲಫ್ರೋಯ್ಗ್‌ಗೆ 40ರಿಂದ 45, ಆರ್ಡ್‌ಬೆಗ್‌ಗೆ 55. ಬ್ರೂಯಿಕ್‌ಲಾಡಿ ಕಂಪನಿಯ ಆಕ್ಟೋಮೋರ್ ಅಂತೂ 8.3 ಅನ್ನುವ ಒಂದು ಆವೃತ್ತಿಯಲ್ಲಿ 309 ಮುಟ್ಟಿತು. ಇಂಜಿನಿಯರಿಂಗ್ ಓದಿದ ನಮ್ಮಂಥವರ ರೋಗ ಏನು ಗೊತ್ತಾ? ಅಂಕಿ ಕಂಡರೆ ಸಾಕು, ದೊಡ್ಡದೇ ಒಳ್ಳೆಯದು ಅಂತ ತೀರ್ಮಾನ. ಕ್ಯಾಮೆರಾಗೆ ಮೆಗಾಪಿಕ್ಸೆಲ್, ಬೈಕಿಗೆ ಸಿಸಿ, ವಿಸ್ಕಿಗೆ ಪಿಪಿಎಂ.

ಅಳೆದದ್ದು ಎಲ್ಲಿ ಅಂತ ಮೊದಲು ಕೇಳಬೇಕು. ಆ ಅಂಕಿ ಬಾಟಲಿಯದ್ದಲ್ಲ, ಒಣಗಿದ ಮಾಲ್ಟಿನದ್ದು! ಅಲ್ಲಿಂದ ಕಾಳು ಒಡೆದು, ಬಿಸಿನೀರಿಗೆ ಹಾಕಿ, ಹುದುಗು ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಿ, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವಷ್ಟರಲ್ಲಿ ಫೀನಾಲಿನ ದೊಡ್ಡ ಪಾಲು ಕಳೆದುಹೋಗಿರುತ್ತದೆ. ಎಷ್ಟು ಕಳೆಯುತ್ತದೆ ಅನ್ನೋದು ಹಂಡೆಯ ಆಕಾರದ ಮೇಲೆ, ಬಟ್ಟಿ ಇಳಿಸುವವನ ಕೈಯ ಮೇಲೆ ನಿಂತಿದೆ.

ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಲಗವುಲಿನ್ ಮತ್ತು ಕೌಲ್ ಈಲಾ. ಎರಡೂ ಐಲಾದವು. ಎರಡಕ್ಕೂ ಮಾಲೀಕ ಡಿಯಾಜಿಯೋ ಕಂಪನಿಯೇ. ಎರಡಕ್ಕೂ ಮಾಲ್ಟ್ ಬರುವುದು ಪೋರ್ಟ್ ಎಲೆನ್ ಊರಿನ ಒಂದೇ ಮಾಲ್ಟಿಂಗ್ ಕಾರ್ಖಾನೆಯಿಂದ, ಪಿಪಿಎಂ ಕೂಡ ಹೆಚ್ಚುಕಡಿಮೆ ಒಂದೇ. ಎರಡನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಿದರೆ ಅಣ್ಣತಮ್ಮ ಅಂತ ಹೇಳೋಕೂ ಆಗೋದಿಲ್ಲ. ಕೌಲ್ ಈಲಾ ತೆಳು, ಚುರುಕು, ನಿಂಬೆ ಹಿಂಡಿದ ಹಾಗೆ, ಹೊಗೆ ದೂರದಲ್ಲೆಲ್ಲೋ. ಲಗವುಲಿನ್ ದಪ್ಪ, ಎಣ್ಣೆ ಎಣ್ಣೆ, ಒಣದ್ರಾಕ್ಷಿ, ಲ್ಯಾಪ್ಸಾಂಗ್ ಅನ್ನುವ ಚೀನೀ ಹೊಗೆ ಚಹಾದ ಹಾಗೆ. ಯಾಕೆ? ಕೌಲ್ ಈಲಾದಲ್ಲಿ ಹಂಡೆಯನ್ನು ಪೂರ್ತಿ ತುಂಬಿಸುವುದಿಲ್ಲ. ಆವಿ ತಾಮ್ರಕ್ಕೆ ಬೇಕಾದಷ್ಟು ತಗಲುತ್ತದೆ, ಭಾರದ ಅಂಶಗಳು ಕಳಚಿ ಬೀಳುತ್ತವೆ. ಲಗವುಲಿನ್‌ನಲ್ಲಿ ಹಂಡೆ ತುಂಬಾ ತುಂಬಿಸಿ, ಎರಡನೇ ಸಲ ತೀರಾ ನಿಧಾನಕ್ಕೆ ಇಳಿಸುತ್ತಾರೆ.

ಇನ್ನೊಂದು ಗುಟ್ಟು ಕತ್ತರಿಸುವ ಹೊತ್ತಿನಲ್ಲಿದೆ. ಬಟ್ಟಿಯಿಂದ ಮೊದಲು ಬರೋದೂ ಬೇಡ, ಕೊನೆಗೆ ಬರೋದೂ ಬೇಡ, ನಡುವಿನದ್ದು ಬೇಕು. ಹಣ್ಣಿನ ಪರಿಮಳ ಮುಂದೆ ಬರುತ್ತದೆ, ಹೊಗೆಯ ಫೀನಾಲ್ ಹಿಂದೆ ಬರುತ್ತದೆ. ಲಫ್ರೋಯ್ಗ್‌ನವರು ಮೊದಲ ಭಾಗವನ್ನು ಬೇರೆಯವರಿಗಿಂತ ಹೆಚ್ಚು ಹೊತ್ತು ಪಕ್ಕಕ್ಕಿಡುತ್ತಾರೆ. ಹಣ್ಣು ಹೋಯಿತು, ಔಷಧಿ ಉಳಿಯಿತು. ಆರ್ಡ್‌ಬೆಗ್‌ನ ಹಂಡೆಗೆ ಒಂದು ಶುದ್ಧಿಯ ಕೊಳವೆ ಇದೆ. ಅದು ಭಾರದ ಆವಿಯನ್ನು ವಾಪಸ್ ಹಂಡೆಗೇ ಕಳಿಸುತ್ತದೆ. ಹಾಗಾಗಿ 55ರ ಆರ್ಡ್‌ಬೆಗ್ ಕುಡಿದವರು 40ರ ಲಫ್ರೋಯ್ಗೇ ಜೋರು ಅಂತ ಆಣೆ ಮಾಡುತ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಅಂಕಿಯೂ ಸುಳ್ಳಲ್ಲ, ಅದು ಬೇರೆ ಜಾಗದ ಅಂಕಿ. 309ರ ಆಕ್ಟೋಮೋರ್‌ಗೆ ಕೊಡುವ ದುಡ್ಡಿನಲ್ಲಿ ಒಂದು ಲಗವುಲಿನ್, ಒಂದು ಕೌಲ್ ಈಲಾ ತಂದುಕೊಂಡರೆ ಕಲಿಯೋದು ಹೆಚ್ಚು ಅನ್ನೋದು ನನ್ನ ಅಭಿಪ್ರಾಯ.

ಹೊಗೆಗೆ ಇನ್ನೊಂದು ಬೆಲೆಯೂ ಇದೆ, ಅದು ಲೇಬಲ್ ಮೇಲೆ ಬರೋದಿಲ್ಲ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಅಗೆದರೆ ಸಾವಿರ ವರ್ಷ ಅಗೆದ ಹಾಗೆ. ಪ್ರಪಂಚದ ನೆಲದಲ್ಲಿ ಪೀಟ್ ಜೌಗು ಇರುವುದು ಶೇಕಡ 3ರಷ್ಟು, ಆದರೆ ಪ್ರಪಂಚದ ಎಲ್ಲಾ ಕಾಡುಗಳಿಗಿಂತ ಹೆಚ್ಚು ಇಂಗಾಲ ಅದರ ಹೊಟ್ಟೆಯಲ್ಲಿದೆ. 1985ರಲ್ಲಿ ಐಲಾದ ಡುಯಿಕ್ ಮಾಸ್ ಅನ್ನುವ ಜೌಗಿನಲ್ಲಿ ವಿಸ್ಕಿಗಾಗಿ ಪೀಟ್ ತೆಗೆಯೋಕೆ ಹೊರಟರು. ಗ್ರೀನ್‌ಲ್ಯಾಂಡಿನಿಂದ ಚಳಿಗಾಲ ಕಳೆಯಲು ಬರುವ ಬಿಳಿಹಣೆಯ ಬಾತುಗಳು ತಂಗುವ ಜಾಗ ಅದು. ಟಿವಿಯಲ್ಲಿ ಹೆಸರು ಮಾಡಿದ್ದ ಪ್ರಕೃತಿತಜ್ಞ ಡೇವಿಡ್ ಬೆಲಮಿ ದ್ವೀಪಕ್ಕೆ ಹೋಗಿ ಸಭೆ ಮಾಡಿದರೆ, ಊರಿನವರು ಕೂಗಾಡಿ ಅವರ ಬಾಯಿ ಮುಚ್ಚಿಸಿದರು. ನಮ್ಮ ಕೆಲಸದ ಮೇಲೆ ಕಲ್ಲು ಹಾಕೋಕೆ ಹೊರಗಿನವನು ಯಾರು ಅಂತ. ಕಸ್ತೂರಿರಂಗನ್ ವರದಿಯ ಗಲಾಟೆಯಲ್ಲಿ ನಮ್ಮ ಮಲೆನಾಡಿನ ಊರೂರಲ್ಲಿ ಕೇಳಿದ ಮಾತೂ ಇದೇ ಅಲ್ವಾ? ಕೊನೆಗೆ ಆ ಜೌಗು ಉಳಿಯಿತು. ಪೀಟ್ ಅನ್ನು ದ್ವೀಪದ ಇನ್ನೊಂದು ಕಡೆಯಿಂದ ತೆಗೆದರು, ವಿಸ್ಕಿಯೂ ನಿಲ್ಲಲಿಲ್ಲ. ತೋಟಗಾರಿಕೆಗೆ ಹೋಗುವ ಪೀಟ್ ಮುಂದೆ ವಿಸ್ಕಿಯವರದ್ದು ಸಣ್ಣ ಪಾಲು, ಒಪ್ಪೋಣ. ಆದರೆ ಬರೀ ಅಂಕಿ ಏರಿಸೋ ಪೈಪೋಟಿಗೆ ಸಾವಿರ ವರ್ಷದ ನೆಲ ಸುಡೋದು ನನಗೆ ಸರಿ ಕಾಣೋದಿಲ್ಲ.

ಈಗ ಅಟ್ಲಾಂಟಿಕ್ ದಾಟೋಣ.

ಬರ್ಬನ್‌ನಲ್ಲಿ ಹೊಗೆಯ ಮಾತೇ ಇಲ್ಲ. ಅದು ಕಾನೂನಿನ ವಿಸ್ಕಿ. 1964ರಲ್ಲಿ ಅಮೆರಿಕದ ಕಾಂಗ್ರೆಸ್ ಇದು ನಮ್ಮ ದೇಶದ ವಿಶಿಷ್ಟ ಉತ್ಪನ್ನ ಅಂತ ನಿರ್ಣಯವನ್ನೇ ಮಾಡಿತು. ಕೆಂಟಕಿಯಲ್ಲೇ ಮಾಡಬೇಕು ಅಂತೇನಿಲ್ಲ, ಅಮೆರಿಕದಲ್ಲಿ ಎಲ್ಲಿ ಬೇಕಾದರೂ ಮಾಡಬಹುದು. ಆದರೆ ಕಾಳಿನಲ್ಲಿ ಶೇಕಡ 51ಕ್ಕೆ ಕಡಿಮೆ ಇಲ್ಲದಂತೆ ಮೆಕ್ಕೆಜೋಳ ಇರಬೇಕು. ಹೌದು, ನಮ್ಮ ದಾವಣಗೆರೆ ಕಡೆ ಎಕರೆಗಟ್ಟಲೆ ಬೆಳೆದು ಕೋಳಿಫಾರಂಗೆ ಕಳಿಸ್ತೀವಲ್ಲ, ಅದೇ ಬೆಳೆ. ಬಣ್ಣ ಹಾಕುವ ಹಾಗಿಲ್ಲ, ಪರಿಮಳ ಸೇರಿಸುವ ಹಾಗಿಲ್ಲ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅನುಮತಿ ಇದೆ, ಬರ್ಬನ್‌ಗೆ ಇಲ್ಲ. ಇದು ನೆನಪಿಡಬೇಕಾದ ವಿಷಯ. ಕಡು ಬಣ್ಣದ ಸ್ಕಾಚ್ ನೋಡಿ ಹಳೇದು ಅಂತ ಮೋಸ ಹೋಗಬೇಡಿ.

ಎಲ್ಲಕ್ಕಿಂತ ದೊಡ್ಡ ಷರತ್ತು ಪೀಪಾಯಿಯದ್ದು. ಓಕ್ ಮರದ ಪೀಪಾಯಿ ಹೊಸದೇ ಆಗಿರಬೇಕು, ಒಳಗೆ ಸುಟ್ಟು ಕರಿ ಮಾಡಿರಬೇಕು. 200 ಲೀಟರಿನ ಹೊಸ ಪೀಪಾಯಿಯೊಳಗೆ ನೇರ ಬೆಂಕಿ ಬಿಡುತ್ತಾರೆ. ಮಟ್ಟ ನಾಲ್ಕರ ಸುಡುವಿಕೆಯಲ್ಲಿ ಒಳಮೈ ಬಿರಿದು ಮೊಸಳೆ ಚರ್ಮದ ಹಾಗಾಗುತ್ತದೆ, ಅದಕ್ಕೆ ಮೊಸಳೆ ಸುಡು ಅಂತಲೇ ಹೆಸರು. ಆ ಇದ್ದಿಲಿನ ಪದರ ಕಚ್ಚಾ ವಾಸನೆಯನ್ನು ಹೀರಿಕೊಳ್ಳುತ್ತದೆ. ಇದ್ದಿಲಿನ ಹಿಂದೆ ಬೆಂದ ಮರದ ಪದರದಲ್ಲಿ ಸಕ್ಕರೆಗಳು ಪಾಕ ಬಂದಿರುತ್ತವೆ. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಯಲ್ಲಿ ಕುಗ್ಗಿ ಆ ಪಾಕವನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ನಾಲ್ಕು, ಆರು ವರ್ಷಕ್ಕೇ ತಾಮ್ರದ ಬಣ್ಣ. ಬಾಯಿಗಿಟ್ಟರೆ ವೆನಿಲ್ಲಾ, ಬಟರ್‌ಸ್ಕಾಚ್, ಒಣ ಕೊಬ್ಬರಿ, ಮಲೆನಾಡಿನ ಜೋನಿಬೆಲ್ಲ. ಕೆಂಟಕಿ ರಾಜ್ಯದಲ್ಲಿ ಜನರಿಗಿಂತ ಪೀಪಾಯಿಗಳ ಸಂಖ್ಯೆ ಜಾಸ್ತಿ ಅಂದರೆ ಅಲ್ಲಿಯ ವ್ಯವಹಾರ ಊಹಿಸಿಕೊಳ್ಳಿ.

ಬರ್ಬನ್‌ಗಳೊಳಗಿನ ವ್ಯತ್ಯಾಸ ಇರುವುದು ಮೆಕ್ಕೆಜೋಳದ ಜೊತೆ ಎರಡನೇ ಕಾಳು ಯಾವುದು ಅನ್ನುವುದರಲ್ಲಿ. ಸಾಮಾನ್ಯವಾಗಿ ರೈ ಅನ್ನುವ ಧಾನ್ಯ. ಅದು ಖಾರ, ಮೆಣಸು ಅಗಿದ ಹಾಗೆ. ಫೋರ್ ರೋಸಸ್‌ನವರ ಒಂದು ಪಾಕದಲ್ಲಿ ರೈ ಶೇಕಡ 35ರಷ್ಟು ಇದೆ. ಅವರು ಎರಡು ಬಗೆಯ ಕಾಳಿನ ಲೆಕ್ಕ, ಐದು ಬಗೆಯ ಈಸ್ಟ್ ಸೇರಿಸಿ ಹತ್ತು ಬೇರೆ ಬೇರೆ ಮದ್ಯ ಮಾಡಿ ಆಮೇಲೆ ಬೆರೆಸುತ್ತಾರೆ. ಮೇಕರ್ಸ್ ಮಾರ್ಕ್‌ನವರು ರೈ ಬಿಟ್ಟು ಗೋಧಿ ಹಾಕುತ್ತಾರೆ: ಮೆಕ್ಕೆಜೋಳ 70, ಗೋಧಿ 16, ಮಾಲ್ಟ್ ಬಾರ್ಲಿ 14. ಗೋಧಿಯ ಬರ್ಬನ್ ಮೆತ್ತಗೆ, ನಾಲಿಗೆಯ ತುದಿಯಲ್ಲೇ ಸಿಹಿ. ಮೊದಲ ಸಲ ಕುಡಿಯುವವರಿಗೆ ಇದೇ ಇಷ್ಟ ಆಗುತ್ತೆ. ನನಗೆ ರೈ ಇಷ್ಟ, ವೈಲ್ಡ್ ಟರ್ಕಿ 101 ಅಂಥದ್ದು. ಚಿತ್ರಾನ್ನದಲ್ಲಿ ಹಸಿಮೆಣಸಿನಕಾಯಿ ಇರಲೇಬೇಕು ಅನ್ನುವ ಜಾತಿ ನಾನು.

ಇಷ್ಟು ಓದಿದವರಿಗೆ ಇವೆರಡೂ ಉತ್ತರ ದಕ್ಷಿಣ ಅನ್ನಿಸಬಹುದು. ಒಂದು ಆಸ್ಪತ್ರೆ, ಒಂದು ಮಿಠಾಯಿ ಅಂಗಡಿ. ಆದರೆ ರಸಾಯನಶಾಸ್ತ್ರ ಬೇರೆ ಕಥೆ ಹೇಳುತ್ತದೆ, ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ. ಗಿಡಮರಗಳನ್ನು ಗಟ್ಟಿಯಾಗಿ ನಿಲ್ಲಿಸುವ ವಸ್ತು ಲಿಗ್ನಿನ್. ಪೀಟಿನಲ್ಲಿ ಉಳಿದ ಲಿಗ್ನಿನ್ ಉರಿದರೆ ಗ್ವಾಯಕಾಲ್ ಬರುತ್ತದೆ. ಅದೇ ಹೊಗೆ ವಾಸನೆ. ಓಕ್ ಮರದ ಲಿಗ್ನಿನ್ ಬೆಂದರೆ ವೆನಿಲಿನ್ ಬರುತ್ತದೆ. ಅದು ವೆನಿಲ್ಲಾ. ಈ ಎರಡು ಅಣುಗಳ ಚಿತ್ರ ಪಕ್ಕಪಕ್ಕ ಬರೆದು ನೋಡಿ, ವೆನಿಲಿನ್ ಅಂದರೆ ಗ್ವಾಯಕಾಲ್‌ಗೆ ಒಂದು ಬಾಲ ಅಂಟಿಸಿದ್ದು, ಅಷ್ಟೇ. ಐಸ್‌ಕ್ರೀಮಿಗೆ ಹಾಕುವ ಕೃತಕ ವೆನಿಲ್ಲಾದಲ್ಲಿ ಹೆಚ್ಚಿನದ್ದನ್ನು ಕಾರ್ಖಾನೆಗಳಲ್ಲಿ ತಯಾರಿಸುವುದೇ ಗ್ವಾಯಕಾಲ್‌ನಿಂದ! ಬೇರೆ ಬಾಲ ಅಂಟಿಸಿದರೆ ಯೂಜಿನಾಲ್, ಅಂದರೆ ನಮ್ಮ ಲವಂಗದ ಜೀವ. ಓಕ್ ಮರದಲ್ಲಿ ಅದೂ ಇದೆ. ಹೊಗೆ, ವೆನಿಲ್ಲಾ, ಲವಂಗ ಒಂದೇ ಮನೆಯ ದಾಯಾದಿಗಳು. ಲಗವುಲಿನ್‌ನ ಹೊಗೆಯ ಹಿಂದೆ ಸಿಹಿ ಸಿಗೋದು, ಚೆನ್ನಾಗಿ ಸುಟ್ಟ ಪೀಪಾಯಿಯ ಬರ್ಬನ್‌ನ ಕೊನೆಯಲ್ಲಿ ಬೂದಿ ಸಿಗೋದು ಸುಮ್ಮನೆ ಅಲ್ಲ.

ಸಂಬಂಧ ಅಣುವಿಗೇ ಮುಗಿಯೋದಿಲ್ಲ. ಹೊಸ ಪೀಪಾಯಿಯೇ ಬೇಕು ಅನ್ನುವ ಅಮೆರಿಕದ ಕಾನೂನಿನಿಂದ ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ನವರಿಗೆ ಬೇಡದ ಸಾಮಾನಾಯಿತು. ಸ್ಕಾಟ್ಲೆಂಡಿನವರು ಅದನ್ನು ಹಡಗು ತುಂಬಾ ತರಿಸಿಕೊಂಡರು. ಇವತ್ತು ಹೆಚ್ಚಿನ ಸ್ಕಾಚ್ ಮಲಗುವುದು ಬರ್ಬನ್ ಎದ್ದುಹೋದ ಹಾಸಿಗೆಯಲ್ಲಿ. ಲಫ್ರೋಯ್ಗ್‌ಗೆ ಪೀಪಾಯಿ ಬರುವುದು ಮೇಕರ್ಸ್ ಮಾರ್ಕ್‌ನಿಂದ. 2014ರಿಂದ ಎರಡಕ್ಕೂ ಒಡೆಯ ಜಪಾನಿನ ಸಂಟೋರಿ. ಹಾಗಾಗಿ ಆ ಎರಡು ಬಾಟಲಿ ಅಕ್ಕಪಕ್ಕ ಇಟ್ಟರೆ ನೀವು ಒಂದೇ ಮರದ ಮೊದಲ ಮತ್ತು ಎರಡನೇ ಬಾಳ್ವೆ ನೋಡುತ್ತಿದ್ದೀರಿ ಅಂತ ಅರ್ಥ.

ಅದೇ ಬರ್ಬನ್ ಪೀಪಾಯಿಗಳು ಮೈಸೂರು ರಸ್ತೆಗೂ ಬಂದಿವೆ. ಕಂಬಿಪುರದ ಅಮೃತ್ ಡಿಸ್ಟಿಲರೀಸ್ 1948ರಲ್ಲಿ ಶುರುವಾದ ಕಂಪನಿ. 2004ರಲ್ಲಿ ನೀಲಕಂಠ ಜಗದಾಳೆ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. ಕೊಲ್ಲೂರಿನವರಿಗೆ ಕುಂಕುಮ ಮಾರೋಕೆ ಹೋದ ಧೈರ್ಯ ಅದು. ಯಾಕೆ ಧೈರ್ಯ ಅಂತೀನಿ ಅಂದ್ರೆ, ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರಾಟವಾಗುವ ಅಗ್ಗದ ಸರಕಿನಲ್ಲಿ ಬಹುಪಾಲಿಗೆ ಆಧಾರ ಸಕ್ಕರೆ ಕಾರ್ಖಾನೆಯ ಕಾಕಂಬಿ. ಯುರೋಪಿನಲ್ಲಿ ಕಾಳಿನಿಂದ ಮಾಡದ ಮದ್ಯವನ್ನು ವಿಸ್ಕಿ ಅಂತ ಕರೆಯೋ ಹಾಗೇ ಇಲ್ಲ. ಭಾರತ ಅಂದರೆ ಕಾಕಂಬಿ ಅಂದುಕೊಂಡಿದ್ದ ಊರಿನಲ್ಲಿ ಬಾರ್ಲಿಯ ಮಾಲ್ಟ್ ಇಟ್ಟುಕೊಂಡು ನಿಂತರು. 2010ರಲ್ಲಿ ಜಿಮ್ ಮರ್ರಿ ತಮ್ಮ ವಿಸ್ಕಿ ಬೈಬಲ್‌ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು.

ಫ್ಯೂಷನ್ ನಮ್ಮ ವಿಷಯದ ಗಂಟು. ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತಂದ ಪೀಟ್ ಹೊಗೆಯ ಬಾರ್ಲಿ. ಬೇರೆ ಬೇರೆಯಾಗಿ ಮಾಗಿಸಿ, ಆಮೇಲೆ ಸೇರಿಸಿ, ಬರ್ಬನ್ ಪೀಪಾಯಿಯಲ್ಲಿ ಮತ್ತೆ ಇಡುತ್ತಾರೆ. ಹೊಗೆ ಐಲಾ ಕಡೆಯ ನೆಂಟ, ಮರ ಕೆಂಟಕಿ ಕಡೆಯ ನೆಂಟ, ಬಿಸಿಲು ನಮ್ಮದು.

ಆ ಬಿಸಿಲಿನ ಲೆಕ್ಕವೂ ಕೇಳಿ. ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡ 2. ಬೆಂಗಳೂರಿನಲ್ಲಿ 10ರಿಂದ 12. ವರ್ಷಕ್ಕೆ 2ರಂತೆ 12 ವರ್ಷ ಕಳೆದರೂ ಅಲ್ಲಿ 100 ಲೀಟರಿನಲ್ಲಿ 78 ಉಳಿಯುತ್ತದೆ. ಇಲ್ಲಿ 11ರಂತೆ 5 ವರ್ಷಕ್ಕೆ 56, 8 ವರ್ಷಕ್ಕೆ 39. ಎಂಟು ವರ್ಷದ ಒಂದು ವಿಸ್ಕಿಗೆ ಅಮೃತ್‌ನವರು ಗ್ರೀಡಿ ಏಂಜಲ್ಸ್ ಅಂತ ಹೆಸರಿಟ್ಟದ್ದು ಇದಕ್ಕೇ, ದುರಾಸೆಯ ದೇವತೆಗಳು. ಬಿಸಿಯಲ್ಲಿ ಮರದ ಜೊತೆ ಮಾತುಕತೆ ಬೇಗ ಮುಗಿಯುತ್ತದೆ. ಅತಿಯಾಗಿ ಇಟ್ಟರೆ ಬರೀ ಮರದ ಕಹಿ. ಆದ್ದರಿಂದ 12, 18 ಅನ್ನುವ ಸ್ಕಾಟ್ಲೆಂಡಿನ ವರ್ಷದ ಅಂಕಿ ಹಿಡಿದು ನಮ್ಮ ವಿಸ್ಕಿಯನ್ನೋ ಕೆಂಟಕಿಯ ಬರ್ಬನ್ನನ್ನೋ ಅಳೆಯೋದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ನೋಡಿ ಸಮಯ ಹೇಳಿದ ಹಾಗೆ.

ಇನ್ನು ಪ್ರೂಫ್. ಅಮೆರಿಕದಲ್ಲಿ 100 ಪ್ರೂಫ್ ಅಂದರೆ ಶೇಕಡ 50 ಆಲ್ಕೋಹಾಲ್, ಅರ್ಧ ಮಾಡಿದರೆ ಸಾಕು. ಹಳೇ ಬ್ರಿಟಿಷ್ ಲೆಕ್ಕದಲ್ಲಿ 100 ಪ್ರೂಫ್ ಅಂದರೆ 57.1. ಅದರಿಂದ ಕಾಲು ಭಾಗ ಕೆಳಗೆ ಬಂದರೆ 42.8. ನಮ್ಮ ಬಾಟಲಿಗಳ ಮೇಲೆಲ್ಲ ಇರುತ್ತಲ್ಲ ಆ ವಿಚಿತ್ರ ಅಂಕಿ, ಅದು ಬಂದದ್ದು ಇಲ್ಲಿಂದ. ಬ್ರಿಟಿಷರು ಹೋದರೂ ಅವರ ಲೆಕ್ಕ ನಮ್ಮ ಲೇಬಲ್ ಮೇಲೆ ಇನ್ನೂ ಕೂತಿದೆ.

ರುಚಿ ನೋಡೋ ಕ್ರಮಕ್ಕೆ ಬರೋಣ. ಇದಕ್ಕೆ ಪೆಗ್ ಲೆಕ್ಕ ಬೇಡ. ತಲಾ 10 ಮಿಲಿಲೀಟರ್ ಸಾಕು, ನಾಲ್ಕು ಜನ ಸೇರಿ ನಾಲ್ಕು ಬಾಟಲಿ ಹಂಚಿಕೊಂಡರೆ ಖರ್ಚೂ ಕಡಿಮೆ, ತಲೆಯೂ ನೆಟ್ಟಗಿರುತ್ತೆ. ಬಾಯಿ ಕಿರಿದಾದ ಲೋಟ ಒಳ್ಳೆಯದು, ಪರಿಮಳ ಹೊರಗೆ ಚೆಲ್ಲೋದಿಲ್ಲ. ಖಾರದ ಕಡಲೆಬೀಜ, ಉಪ್ಪಿನಕಾಯಿ ಆಮೇಲೆ. ಬರ್ಬನ್ ಮೊದಲು, ಪೀಟ್ ಕೊನೆಗೆ. ತಿರುಗಾಮುರುಗಾ ಮಾಡಿದರೆ ಮೇಕರ್ಸ್ ಮಾರ್ಕ್ ಸಕ್ಕರೆ ನೀರಿನ ಹಾಗಿರುತ್ತದೆ, ತಪ್ಪು ಅದರದ್ದಲ್ಲ. ಗೋಧಿಯ ಬರ್ಬನ್, ರೈಯ ಬರ್ಬನ್, ಫ್ಯೂಷನ್, ಲಫ್ರೋಯ್ಗ್: ಈ ಸಾಲು ನನಗೆ ಸರಿ ಕಂಡಿದೆ. ಮೂಗನ್ನು ಲೋಟದೊಳಗೆ ಅದ್ದಬೇಡಿ, ಬರೀ ಉರಿ ಸಿಗುತ್ತದೆ. ಬಾಯಿ ಸ್ವಲ್ಪ ತೆರೆದು, ದೂರದಿಂದ ಹತ್ತಿರಕ್ಕೆ ತನ್ನಿ.

ನೀರು ಹಾಕಬಹುದಾ? ಹಾಕಬೇಕು, ಚಮಚದಲ್ಲಿ. 2017ರಲ್ಲಿ ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದರು. ಅವರು ಆರಿಸಿಕೊಂಡದ್ದೂ ಗ್ವಾಯಕಾಲ್ ಅಣುವನ್ನೇ. ಆಲ್ಕೋಹಾಲ್ ಶೇಕಡ 59ಕ್ಕಿಂತ ಹೆಚ್ಚಿದ್ದಾಗ ಅದು ಆಲ್ಕೋಹಾಲಿನ ನಡುವೆ ಮುಳುಗಿರುತ್ತದೆ, 45ಕ್ಕೆ ಇಳಿದಾಗ ಮೇಲ್ಮೈಗೆ ಬಂದು ಮೂಗಿಗೆ ಸಿಗುತ್ತದೆ ಅಂತ ಅವರ ಲೆಕ್ಕ. ಹಾಗಾಗಿ 60 ದಾಟಿದ ಪೀಪಾಯಿ ಬಲದ ವಿಸ್ಕಿಗೆ ನೀರು ಹಾಕಿದವನನ್ನು ನೋಡಿ ನಗುವ ಮೀಸೆ ಪಂಡಿತರಿಗೆ ಇದನ್ನು ಹೇಳಿ. ಆದರೆ 40ರ ಬಾಟಲಿಗೆ ಸೋಡಾ, ಐಸು ಎಲ್ಲ ಸುರಿದರೆ ಐದು ಸಾವಿರ ಕೊಟ್ಟು ತಂದ ಪರಿಮಳ ತಣ್ಣಗೆ ಮಲಗುತ್ತದೆ. ಸೋಡಾ ಬೇಕೇ ಬೇಕು ಅನ್ನುವವರು ಅದಕ್ಕೆ ಸಾವಿರ ರೂಪಾಯಿಯ ಬಾಟಲಿ ಇಟ್ಟುಕೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ.

ಒಂದು ಕೆಲಸ ಮಾಡಿ. ಮುಗಿದ ಮೇಲೆ ಲೋಟ ತೊಳೆಯಬೇಡಿ, ಹಾಗೇ ಬಿಟ್ಟು ಮಲಗಿ. ಬೆಳಿಗ್ಗೆ ಕಾಫಿಗೆ ಮುಂಚೆ ಎರಡನ್ನೂ ಮೂಸಿ. ಆಲ್ಕೋಹಾಲ್ ರಾತ್ರಿಯೇ ಹೋಗಿರುತ್ತದೆ. ಬರ್ಬನ್ ಲೋಟದಲ್ಲಿ ಬಡಗಿಯ ಅಂಗಡಿಯ ಹೊಸ ಮರ, ಸ್ವಲ್ಪ ಬೆಲ್ಲ. ಲಫ್ರೋಯ್ಗ್ ಲೋಟದಲ್ಲಿ ಆರಿದ ಒಲೆಯ ಬೂದಿ, ಅದರ ಹಿಂದೆ ತೀರಾ ತೆಳ್ಳಗೆ ವೆನಿಲ್ಲಾ. ಮನೆಯವರು ಎದ್ದು ಕೇಳುವುದರೊಳಗೆ ಮೂಸಿ ಮುಗಿಸಿಬಿಡಿ.